ಲೋಲಾಕ್ಷಿಯ ಪರ ನಿಂತ ಸುಬ್ಬಯ್ಯನವರು

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳಲ್ಲಿ ಕಾನೂನು ಬಲ್ಲ ವಕೀಲರು ಅನೇಕರಿದ್ದಾರೆ. ಆದರೆ ಯಾರೂ ಜಗಲಿ ಹತ್ತಗೊಡದ ಹೆಂಗಸರಿಗಾಗಿ ಆ ಕಾನೂನನ್ನು ಬಿಡಿಸಿ ಓದಿದವರು ಶ್ರೀ ಸುಬ್ಬಯ್ಯನವರೊಬ್ಬರೇ. ಅರವತ್ತು ತುಂಬಿ ವೃತ್ತಿಯಿಂದ ವಿರಮಿಸುತ್ತಿರುವ ಆ ಹಿರಿಯರನ್ನು ಕುರಿತು ಬರೆಯುತ್ತಿರುವ ಸಹೋದ್ಯೋಗಿ ಶೇಷಪ್ಪ, ಅವರ ಮೇಲೆ ವರ್ಷಗಟ್ಟಲೆ ಹೊಟ್ಟೆಕಿಚ್ಚುಪಟ್ಟವನು. ಅದನ್ನು ಮುಚ್ಚಿಟ್ಟು ಬರೆದರೆ ಈ ಅಭಿನಂದನೆ ಸುಳ್ಳಾದೀತು.

೧೯೬೨ರಲ್ಲಿ, ಮೆಲ್ಕಾರಿನಲ್ಲಿ ಮೈಮಾರಿ ಬದುಕುತ್ತಿದ್ದ ಲೋಲಾಕ್ಷಿಯನ್ನು ಊರು ಬಿಡಿಸಬೇಕೆಂದು ಅಂಗಡಿಯವರು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಟ್ಟರು. ವೇಶ್ಯಾವೃತ್ತಿ ತಡೆಯಲು ಬಂದ ಹೊಸ ಕಾಯಿದೆಯಲ್ಲಿ ಅದಕ್ಕೆ ಅವಕಾಶವಿತ್ತು. ನೋಟೀಸು ಹಿಡಿದು ಅವಳು ಮೊದಲು ಬಂದದ್ದು ಶೇಷಪ್ಪನಲ್ಲಿಗೆ.

"ಮಗಳು ಇಲ್ಲಿಯ ಶಾಲೆಗೆ ಹೋಗ್ತಾಳೆ ಸ್ವಾಮಿ. ನಾವು ಎಲ್ಲಿಗೆ ಹೋಗುವುದು?"

"ನನಗೂ ಮರ್ಯಾದೆ ಉಂಟು. ಬೇರೆ ಕಡೆ ನೋಡು" ಎಂದು ಅಟ್ಟಿದ ಶೇಷಪ್ಪ ಮರುದಿನ ಅಂಗಡಿಯವರ ವಕಾಲತ್ತು ವಹಿಸಿದ.

ಎದುರಿಗೆ ನಿಂತವರು ಸುಬ್ಬಯ್ಯನವರು. "ಊರು ಬಿಡಿಸುವ ಮೊದಲು ಅವರ ಮಾತು ಕೇಳಬೇಕು, ಸಾಕ್ಷಿ ಬೇಕು. ಕಾಯಿದೆಯೇ ಹಾಗೆ ಹೇಳ್ತದೆ" ಎಂದರು. ಸೂಳೆಯೆಂದೇ ಎಲ್ಲರೂ ಕರೆಯುತ್ತಿದ್ದವಳನ್ನು ಅವರು 'ಅವರು' ಎಂದಾಗ ಕೋರ್ಟಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಂಗಡಿಯವರ ಸಾಕ್ಷಿಗಳು ಪಾಟೀಸವಾಲಿನಲ್ಲಿ ತಡವರಿಸಿದರು; ಅರ್ಜಿ ವಜಾ ಆಯಿತು. ಕಾಯಿದೆಯ ಅದೇ ಕಲಮನ್ನು ಶೇಷಪ್ಪನೂ ಓದಿದ್ದ. ಆದರೆ ಅದರಲ್ಲಿ ಅವಳಿಗೂ ಹಕ್ಕಿದೆಯೆಂಬುದು ತನ್ನ ಕಣ್ಣಿಗೇಕೆ ಬೀಳಲಿಲ್ಲವೆಂಬ ಉರಿ ಅವನನ್ನು ಬಿಡಲಿಲ್ಲ.

"ಸುಬ್ಬಯ್ಯನವರಿಗೆ ಲೋಲಾಕ್ಷಿಯ ಮನೆಯ ದಾರಿ ಹೊಸತಲ್ಲ ಮಾರಾಯ" ಎಂದು ಹೋಟೆಲಿನಲ್ಲಿ ಒಂದು ಮಾತು ಬಿಟ್ಟ. ಮಾತು ಊರೆಲ್ಲ ಹಬ್ಬಿತು. ವಾಮದಪದವಿನ ಭೂಮಾಲಿಕರೊಬ್ಬರು ಸುಬ್ಬಯ್ಯನವರಿಂದ ತಮ್ಮ ದಾವೆ ಬಿಡಿಸಿ ಶೇಷಪ್ಪನಿಗೇ ಕೊಟ್ಟರು.

ಕಡತ ತರಲು ಹೋದವನಿಗೆ ಸುಬ್ಬಯ್ಯನವರು ಕಾಫಿ ಕೊಡಿಸಿ, ತಾವು ಬರೆದಿಟ್ಟ ಟಿಪ್ಪಣಿಗಳನ್ನೂ ಕೈಗಿತ್ತರು.

"ಮೂರನೆಯ ಸಾಕ್ಷಿ ಸುಳ್ಳು ಹೇಳ್ತಾನೆ, ಜಾಗ್ರತೆ. ಮತ್ತೆ ಶೇಷಪ್ಪ, ಹೋಟೆಲಿನಲ್ಲಿ ನೀವು ಹೇಳಿದ್ದು ನನಗೆ ಗೊತ್ತುಂಟು. ನನ್ನ ಬಗ್ಗೆ ಏನು ಬೇಕಾದರೂ ಹೇಳಿ. ಆದರೆ ಆ ಮಾತಿನಿಂದ ಲೋಲಾಕ್ಷಿಯವರ ಮಗಳು ಶಾಲೆ ಬಿಟ್ಟಿದ್ದಾಳೆ."

ಶೇಷಪ್ಪ ಆ ದಾವೆ ಗೆದ್ದ. ಆದರೆ ಲೋಲಾಕ್ಷಿಯ ಮನೆಗೆ ಹೋಗಿ ತಪ್ಪೊಪ್ಪಿಕೊಳ್ಳಲು ಅವನಿಗೆ ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಸುಬ್ಬಯ್ಯನವರೇ ಆ ಹುಡುಗಿಯನ್ನು ಮೂಡಬಿದಿರೆಯ ಶಾಲೆಗೆ ಸೇರಿಸಿದ್ದರು. ಆ ಪುಣ್ಯವೂ ಅವರದೇ ಪಾಲಾಯಿತಲ್ಲ ಎಂದು ಅಲ್ಲಿಯೂ ಹೊಟ್ಟೆ ಉರಿಯಿತು.

ಸುಬ್ಬಯ್ಯನವರು ಆರೋಗ್ಯದಿಂದ ನೂರು ವರ್ಷ ಬಾಳಲಿ, ನಮ್ಮ ತಪ್ಪುಗಳನ್ನು ಹೀಗೆಯೇ ಮುಖಕ್ಕೆ ಹೇಳುತ್ತಿರಲಿ. ಶೇಷಪ್ಪನ ಹೊಟ್ಟೆಕಿಚ್ಚು ಇನ್ನೂ ಪೂರ್ತಿ ಆರಿಲ್ಲ. ಅವರಂತಾಗುವವರೆಗೆ ಅದು ಆರುವುದೂ ಬೇಡ.