ಬಿಸಿಗಾಳಿಯ ಯಂತ್ರ ಮತ್ತು ಅಮ್ಮನ ಮೇಲಿನ ಷರಾ

ಅಧಿಕಾರಿಗಳೇ, ಕೈ ಒಣಗಿಸುವ ಆ ಯಂತ್ರವನ್ನು ಸುಟ್ಟವರು ನೀವು, ನನ್ನ ತಾಯಿಯಲ್ಲ. ಅದನ್ನು ಗೋಡೆಗೆ ಬಿಗಿಸಿ, ಟೇಪು ಕತ್ತರಿಸಿ, ಫೋಟೊ ತೆಗೆಸಿಕೊಂಡು ಹೋದ ನೀವು ಒಂದು ದಿನವಾದರೂ ಅದರ ಜಾಲರಿ ಬಿಚ್ಚಿ ಧೂಳು ಕೊಡವಲಿಲ್ಲ. ಅದು ಕೆಟ್ಟ ದಿನ ಮಾತ್ರ ರಿಜಿಸ್ಟರು ಬಿಚ್ಚಿದಿರಿ. ‘ಆಯಾಳ ನಿರ್ಲಕ್ಷ್ಯದಿಂದ ಯಂತ್ರ ಹಾಳಾಗಿದೆ’ ಎಂದು ಷರಾ ಬರೆದಿರಿ. ಆ ಒಂದು ಸಾಲಿನ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಶಿವಮೊಗ್ಗ ಪೇಟೆಯ ಒಂದು ಸಾರ್ವಜನಿಕ ಮಹಿಳಾ ಶೌಚಾಲಯದಲ್ಲಿ ಅಮ್ಮ ಆಯಾ ಆಗಿದ್ದಳು. ನಮ್ಮ ಮನೆ ಭದ್ರಾವತಿಯಲ್ಲಿ. ಕಾರ್ಖಾನೆಯ ಸೈರನ್ ಕೂಗುವ ಮೊದಲೇ ಎದ್ದು, ಒಂದೇ ಬಸ್ಸಿಗೆ ಇಬ್ಬರೂ ಹೊರಡುತ್ತಿದ್ದೆವು. ಅವಳು ಕೆಲಸಕ್ಕೆ, ನಾನು ಬಿ.ಎಸ್ಸಿ. ತರಗತಿಗೆ. ಕಾಲೇಜು ಮುಗಿದ ಮೇಲೆ ಶೌಚಾಲಯದ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕುಳಿತು ನೋಟ್ಸ್ ತಿರುವುತ್ತ ಅವಳಿಗಾಗಿ ಕಾಯುತ್ತಿದ್ದೆ. ಹೀಗಾಗಿ ಅಲ್ಲಿ ನಡೆದದ್ದನ್ನು ಕೇಳಿ ತಿಳಿದವಳಲ್ಲ ನಾನು, ಕಂಡವಳು.

ಯಂತ್ರ ಬರುವ ಮೊದಲು ಅಲ್ಲಿ ಕೈ ಒರೆಸಿಕೊಳ್ಳಲು ಇದ್ದದ್ದು ಅಮ್ಮನ ಬಟ್ಟೆಯ ತುಂಡುಗಳು. ಹಳೆಯ ನೂಲಿನ ಸೀರೆಗಳನ್ನು ಕರವಸ್ತ್ರದಷ್ಟಗಲ ಹರಿದು, ಅಂಚು ಹೊಲಿದು, ಸೋಡಾ ಹಾಕಿ ಕುದಿಸಿ, ಬಿಸಿಲಿನಲ್ಲಿ ಒಣಗಿಸಿ ತರುತ್ತಿದ್ದಳು. ಒಬ್ಬರಿಗೆ ಒಂದು ತುಂಡು. ಒರೆಸಿಕೊಂಡದ್ದು ಬೇರೆ ಬುಟ್ಟಿಗೆ. ಯಾವ ಕಚೇರಿಯೂ ಅವಳಿಗೆ ಹೇಳಿಕೊಟ್ಟ ನಿಯಮ ಅದಲ್ಲ. ನಾನು ಹುಟ್ಟಿದಾಗ ಸೂಲಗಿತ್ತಿ ಬಟ್ಟೆ ಕುದಿಸಿದ್ದನ್ನು ಮಲಗಿದಲ್ಲಿಂದಲೇ ನೋಡಿ ಕಲಿತದ್ದಂತೆ.

ಸೂಕ್ಷ್ಮಜೀವಿಶಾಸ್ತ್ರದ ಮೊದಲ ಪಾಠಗಳು ತಲೆಗೇರಿದ್ದ ನನಗೆ ಆ ಬುಟ್ಟಿಯನ್ನು ಕಂಡರೆ ನಾಚಿಕೆ.

“ಬಟ್ಟೇಲಿ ಕ್ರಿಮಿ ಇರ್ತವೆ ಅಮ್ಮ. ದೊಡ್ಡ ಊರಲ್ಲೆಲ್ಲ ಗಾಳಿ ಮಿಷನ್ ಬಂದಿದೆ, ಏನೂ ಮುಟ್ಟೋ ಹಾಗೇ ಇಲ್ಲ.”

“ಕುದಿಸಿದ್ ಮೇಲೂ ಬದುಕಿರ್ತವಾ ನಿನ್ನ ಕ್ರಿಮಿ?”

ಒದ್ದೆ ಕೈಗೆ ಅಂಟುವಷ್ಟು ಕ್ರಿಮಿ ಒಣಗಿದ ಕೈಗೆ ಅಂಟದು ಎಂಬುದಷ್ಟೇ ನಾನು ಓದಿದ್ದ ವಿಷಯ. ಬಟ್ಟೆಯಿಂದಲೋ ಗಾಳಿಯಿಂದಲೋ ಎಂಬುದು ಆಮೇಲಿನ ಮಾತು. ಆದರೂ ಯಂತ್ರ ಬಂದ ದಿನ ಅವಳ ಬುಟ್ಟಿಯನ್ನು ಮನೆಗೆ ಹೊತ್ತುಕೊಂಡು ಹೋದವಳು ನಾನೇ.

ಬಿಳಿಯ ಪೆಟ್ಟಿಗೆ, ನಡುವೆ ಹೊಳೆಯುವ ಉಕ್ಕಿನ ಗುಂಡಿ. ಒತ್ತಿದರೆ ಸ್ವಲ್ಪ ಹೊತ್ತು ಬಿಸಿಗಾಳಿ ಬೀಸಿ ತಾನಾಗಿಯೇ ನಿಲ್ಲುತ್ತಿತ್ತು. ಹೊರಗೆ ಹೂ ಮಾರುತ್ತಿದ್ದ ಅಜ್ಜಿ ಮೊದಲ ದಿನ ಕೈಯೊಡ್ಡಿ ಹೌಹಾರಿದಳು.

“ಅಯ್ಯಯ್ಯೋ, ಇದಕ್ಕೆ ಜ್ವರ ಬಂದದೆ ಕಣೇ! ಉಸಿರು ಎಷ್ಟು ಬಿಸಿ ನೋಡು!”

“ನಿನ್ನ ಕೈ ನೋಡೇ ಬಂದಿರ್ಬೇಕು ಅಜ್ಜಿ. ಮೊದ್ಲು ಸೋಪು ಹಚ್ಚಿ ತೊಳ್ಕೊ” ಎಂದಳು ಅಮ್ಮ.

ಆ ಪೆಟ್ಟಿಗೆಯ ಬಗ್ಗೆ ಅವಳಿಗೆ ಹೆಮ್ಮೆಯೇ ಬೆಳೆಯಿತು. ದಿನಕ್ಕೆ ಎರಡು ಸಲ ಹೊರಮೈ ಒರೆಸುತ್ತಿದ್ದಳು. ಸಂಜೆ ನೆಲ ತೊಳೆದಾದ ಮೇಲೆ, ಯಾರೂ ಇಲ್ಲದಾಗ, ತನಗಾಗಿ ಒಂದೇ ಒಂದು ಸಲ ಗುಂಡಿ ಒತ್ತುತ್ತಿದ್ದಳು. ಬ್ಲೀಚಿಂಗ್ ಪೌಡರಿಗೆ ಬಿರುಕುಬಿಟ್ಟ ಬೆರಳುಗಳನ್ನು ಅಗಲಿಸಿ ಹಿಡಿದು, ಗಾಳಿ ನಿಲ್ಲುವವರೆಗೂ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ದಿನವಿಡೀ ನೀರಿನಲ್ಲಿದ್ದ ಆ ಕೈಗಳಿಗೆ ಯಾರೋ ಶಾಖ ಕೊಡುತ್ತಿರುವಂತೆ ಕಾಣುತ್ತಿತ್ತು. ನಾನು ನೋಟ್ಸಿನಿಂದ ತಲೆಯೆತ್ತದವಳಂತೆ ನಟಿಸುತ್ತಿದ್ದೆ.

ಯಂತ್ರ ಕೂರಿಸಲು ಬಂದವನನ್ನು ಅವಳು ಕೇಳಿದ್ದಳು: “ಅಣ್ಣಾ, ಇದರ ಒಳಗೆ ಒರೆಸೋದು ಹೆಂಗೆ?”

“ನೀವು ಮುಟ್ಲೇಬೇಡಿ ಅಮ್ಮ, ಕರೆಂಟ್ ಹೊಡೆಯುತ್ತೆ. ತಿಂಗ್ಳಿಗೊಂದ್ಸಲ ನಮ್ಮೋರೇ ಬಂದು ಜಾಲರಿ ಬಿಚ್ಚಿ ಕ್ಲೀನ್ ಮಾಡ್ತಾರೆ.”

ತಿಂಗಳುಗಳು ಕಳೆದವು, ಯಾರೂ ಬರಲಿಲ್ಲ. ಗಾಳಿ ಎಳೆದುಕೊಳ್ಳುವ ಜಾಲರಿಗೆ ಬೂದು ಬಣ್ಣದ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿತು. ಒಂದು ದಿನ ಸುಟ್ಟ ವಾಸನೆ ಬಂತು. ಅಮ್ಮ ಹೇಳಿದಳು, ನಾನು ಅರ್ಜಿ ಬರೆದೆ, ಅವಳು ಅಕ್ಷರ ಕೂಡಿಸಿ ಸಹಿ ಹಾಕಿದಳು. ನಿಮ್ಮ ಕಚೇರಿಯ ಸ್ವೀಕೃತಿ ಮುದ್ರೆಯಿರುವ ಪ್ರತಿ ಇಂದಿಗೂ ನನ್ನ ಬಳಿ ಇದೆ. ಉತ್ತರ ಮಾತ್ರ ಇಲ್ಲ.

ಅದಾಗಿ ಕೆಲವೇ ದಿನಗಳಲ್ಲಿ ಹೊಳೆಹೊನ್ನೂರಿನ ಕಡೆಯ ಹೆಂಗಸೊಬ್ಬಳು ಮಗುವನ್ನು ಎತ್ತಿಕೊಂಡು ಬಂದಳು. ಡಾಕ್ಟರಿಗೆ ತೋರಿಸಲು ಹೊರಟವಳು. ಮಗು ಬಸ್ಸಿನಲ್ಲೇ ವಾಂತಿ ಮಾಡಿಕೊಂಡಿತ್ತು. ಅವಳು ನಲ್ಲಿಯಡಿ ಅಂಗಿ ತೊಳೆದಳು, ಆದರೆ ಬೇರೆ ಅಂಗಿ ತಂದಿರಲಿಲ್ಲ. ಮಗು ಬರಿಮೈಯಲ್ಲಿ ನಡುಗುತ್ತಿತ್ತು.

“ಕೊಡು ಇಲ್ಲಿ ಮಾರಾಯ್ತಿ” ಎಂದಳು ಅಮ್ಮ. “ಜ್ವರದ ಕೂಸಿಗೆ ಹಸಿ ಬಟ್ಟೆ ಹಾಕ್ತೀಯಾ?”

“ಯಾರಾದ್ರೂ ಬೈತಾರೇನೋ ಅಕ್ಕಾ.”

“ಕೈ ಯಾವ್ದು, ಅಂಗಿ ಯಾವ್ದು ಅಂತ ಗಾಳಿಗೆ ಗೊತ್ತಾಗ್ತದಾ? ಸುಮ್ನಿರು.”

ಅಮ್ಮ ನೀರು ಬಸಿಯುವಂತೆ ಅಂಗಿಯನ್ನು ಗಟ್ಟಿಯಾಗಿ ಹಿಂಡಿ ಯಂತ್ರದ ಕೆಳಗೆ ಹಿಡಿದಳು. ಗುಂಡಿ ಒತ್ತುವ ಕೆಲಸ ನನ್ನದು. ಗಾಳಿ ನಿಂತಾಗಲೆಲ್ಲ ಮತ್ತೆ ಒತ್ತಿದೆ. ಅಂಗಿಯ ಹೊಟ್ಟೆ ಉಬ್ಬಿ ತೋಳುಗಳೆರಡೂ ಮೇಲೆದ್ದದ್ದನ್ನು ಕಂಡು, ಅಷ್ಟು ಹೊತ್ತು ಅತ್ತಿದ್ದ ಮಗು ಕಿಲಕಿಲನೆ ನಕ್ಕಿತು. ಅಷ್ಟರಲ್ಲಿ ಬಾಗಿಲಾಚೆಯಿಂದ ನಿಮ್ಮ ಕಚೇರಿಯ ಮೇಲ್ವಿಚಾರಕರ ದನಿ ಕೇಳಿತು.

“ಏನಮ್ಮ, ಇದೇನು ಧೋಬಿ ಅಂಗಡಿನಾ? ಯಾರ್ರೀ ಗುಂಡಿ ಒತ್ತಿದ್ದು?”

ನನ್ನ ಬೆರಳು ಇನ್ನೂ ಗುಂಡಿಯ ಮೇಲೆಯೇ ಇತ್ತು. ಅಮ್ಮ ನನಗೆ ಅಡ್ಡ ನಿಂತು, “ನಾನೇ ಸಾರ್” ಎಂದಳು. ನಾನು ಬಾಯಿ ಬಿಡಲಿಲ್ಲ.

ಅದೇ ವಾರ ಯಂತ್ರ ನಿಂತಿತು. ರಿಪೇರಿಗೆ ಬಂದ ಎಲೆಕ್ಟ್ರಿಷಿಯನ್ ನಮ್ಮೆಲ್ಲರೆದುರೇ ಪೆಟ್ಟಿಗೆ ಬಿಚ್ಚಿ, ಹಿಡಿಗಟ್ಟಲೆ ಧೂಳು ತೆಗೆದು ನೆಲದ ಮೇಲೆ ಹಾಕಿದ.

“ಒಂದು ದಿಂಬು ತುಂಬಿಸ್ಬೋದು ಸಾರ್ ಇದ್ರಲ್ಲಿ! ಉಸಿರು ಕಟ್ಟಿ ಸುಟ್ಟೋಗಿದೆ ಮಿಷನ್ನು.”

“ಒಳಗೆ ನೀರು ಹೋಗಿದ್ಯಾ ನೋಡಿ” ಎಂದರು ಮೇಲ್ವಿಚಾರಕರು.

“ಒಂದು ಹನೀನೂ ಇಲ್ಲ ಸಾರ್.”

ಇದನ್ನು ಕೇಳಿಸಿಕೊಂಡ ಮೇಲೂ ಅವರು ಕಚೇರಿಗೆ ಹೋಗಿ ಆ ಸಾಲು ಬರೆದರು. ಅದರ ಕೆಳಗೆ ಅಮ್ಮನ ಹೆಬ್ಬೆಟ್ಟಿನ ಗುರುತನ್ನಲ್ಲ, ಸಹಿಯನ್ನೇ ಕೇಳಿ ಪಡೆದರು. ನಾಳೆಯಿಂದ ಬರಬೇಡಿ ಎಂದರು. ಬಸ್ಸಿನಲ್ಲಿ ಅವಳು ಮೆಲ್ಲನೆ ಕೇಳಿದಳು:

“ಅದೇನೋ ಬರೆದ್ರಲ್ಲ, ನಿರ್ಲಕ್ಷ್ಯ ಅಂತ. ಹಂಗಂದ್ರೇನೇ?”

“ಸರಿಯಾಗಿ ನೋಡ್ಕೊಳ್ಳದೆ ಇರೋದು ಅಮ್ಮ.”

ಭದ್ರಾವತಿಯಲ್ಲಿ ಬಸ್ಸಿಳಿದು ನಾಲ್ಕು ಹೆಜ್ಜೆ ನಡೆದ ಮೇಲೆ, “ನಾನು ನೋಡ್ಕೊಳ್ಳಲಿಲ್ವಾ?” ಎಂದಳು. ಅಷ್ಟೆ. ಆಮೇಲೆ ಅವಳಿಗೆ ಬೇರೆ ಕೆಲಸ ಸಿಕ್ಕಿತು, ಬದುಕು ನಡೆಯಿತು. ಆ ಪ್ರಶ್ನೆ ಮಾತ್ರ ನಮ್ಮ ಮನೆಯಲ್ಲೇ ಉಳಿಯಿತು.

ಮೊನ್ನೆ ಶಿವಮೊಗ್ಗದ ಹೊಸ ಕಾಂಪ್ಲೆಕ್ಸ್ ಒಂದಕ್ಕೆ ಅವಳನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿನ ಯಂತ್ರಕ್ಕೆ ಗುಂಡಿಯೂ ಇಲ್ಲ. ಕೈಯೊಡ್ಡಿದರೆ ಸಾಕು, ಬೀಸುತ್ತದೆ. ಅಮ್ಮ ಕೈ ತೊಳೆದುಕೊಂಡು, ನೀರು ತೊಟ್ಟಿಕ್ಕುತ್ತಿದ್ದ ಕೈಗಳನ್ನು ಸೆರಗಿನಲ್ಲಿ ಅಡಗಿಸಿ ದೂರ ನಿಂತಳು.

“ಬಾ ಅಮ್ಮ, ಒಣಗಿಸ್ಕೊ.”

“ಬೇಡ ಕಣೇ. ಕೆಟ್ರೆ ನನ್ನ ಮೇಲೆ ಬರ್ತದೆ.”

ನಾನು ಅವಳ ಎರಡೂ ಕೈಗಳನ್ನು ನನ್ನ ಕೈಗಳೊಳಗೆ ತೆಗೆದುಕೊಂಡು ಗಾಳಿಗೆ ಹಿಡಿದೆ. ಬಿರುಕುಗಳು ಮಾಯ್ದಿದ್ದವು, ಕಲೆಗಳು ಹೋಗಿರಲಿಲ್ಲ. “ಅವತ್ತು ಗುಂಡಿ ಒತ್ತಿದ್ದು ನಾನು ಅಂತ ಹೇಳ್ಬೇಕಿತ್ತಮ್ಮ” ಎಂದೆ.

“ಹೇಳಿದ್ರೆ ನಿನ್ನ ಹೆಸ್ರೂ ಬರ್ಕೊತಿದ್ರು, ಅಷ್ಟೆ. ಓದೋ ಹುಡುಗಿ” ಎಂದು ನಕ್ಕಳು. ಕೈ ಒಣಗಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆವು.

ಅಂದು ಹೇಳದೆ ಉಳಿದದ್ದನ್ನು ಈಗ ಬರವಣಿಗೆಯಲ್ಲಿ ಹೇಳಿದ್ದೇನೆ: ಗುಂಡಿ ಒತ್ತಿದವಳು ನಾನು. ಇನ್ನು ನೀವು ಹೇಳಬೇಕು. ಆ ಜಾಲರಿಯನ್ನು ಶುಚಿಗೊಳಿಸುವ ಹೊಣೆ ಯಾರದಾಗಿತ್ತು, ನಮ್ಮ ಅರ್ಜಿ ಯಾರ ಮೇಜಿನ ಮೇಲೆ ಉಳಿಯಿತು ಎಂಬುದಕ್ಕೆ ಲಿಖಿತ ಉತ್ತರ ನೀಡಬೇಕೆಂದು ಸಂಬಂಧಪಟ್ಟ ಅಧಿಕಾರಿಗಳನ್ನು ಕೋರುತ್ತೇನೆ. ಈಗ ನೀವು ಹಾಕಿಸುತ್ತಿರುವ ಯಂತ್ರಗಳನ್ನು ಹೇಗೆ ಶುಚಿಯಾಗಿಡಬೇಕೆಂದು ಅಲ್ಲಿ ಕೆಲಸ ಮಾಡುವ ಹೆಂಗಸರಿಗೆ ಕಲಿಸಿಕೊಡಿ. ಅವರು ಕೇಳುವ ಮೊದಲೇ ಕಲಿಸಿಕೊಡಿ. ಮತ್ತು ಆ ಹಳೆಯ ರಿಜಿಸ್ಟರನ್ನು ಹುಡುಕಿ ತೆಗೆದು, ಅಮ್ಮನ ಹೆಸರಿನ ಮುಂದಿರುವ ಷರಾವನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ.

ಉತ್ತರವನ್ನು ದಯವಿಟ್ಟು ಅವಳ ಹೆಸರಿಗೇ ಕಳುಹಿಸಿ. ಓದಿ ಹೇಳಲು ನಾನಿದ್ದೇನೆ.