ಪೇಷಂಟ್ ಕಡೆಯವರಿಗೆ ಹೇಳಿದ್ದೀವಲ್ಲ!

ಎಳನೀರಿನ ಲೋಟ ಇನ್ನೇನು ಚಿಕ್ಕಮ್ಮನ ತುಟಿಗೆ ತಾಗಬೇಕು. ಹಿಡಿದಿದ್ದವಳು ನಾನೇ. ಬಾಗಿಲಿನಿಂದ ಓಡಿಬಂದ ಚಿಕ್ಕಪ್ಪ ನನ್ನ ಕೈಗೆ ಬೀಸಿ ಹೊಡೆದರು. ಲೋಟ ಉರುಳಿತು, ನನ್ನ ಸೀರೆಯೆಲ್ಲ ನೆನೆಯಿತು. ನನಗೆ ಬುದ್ಧಿ ಬಂದಾಗಿನಿಂದ ಅವರು ಯಾರ ಮೇಲೂ ಕೈ ಎತ್ತಿದ್ದನ್ನು ಕಂಡಿಲ್ಲ.

"ಕೊಡ್ಬ್ಯಾಡ ಕಣವ್ವ. ಕರುಳು ಹೊಲ್ದವ್ರೆ" ಎಂದರು.

ಕರುಳೇ? ಕಟ್ಟೆಮಳಲವಾಡಿಯಿಂದ ಚಿಕ್ಕಮ್ಮನನ್ನು ಹುಣಸೂರಿನ ಆಸ್ಪತ್ರೆಗೆ (ಯಾವುದೆಂದು ಕೇಳಬೇಡಿ) ಕರೆತಂದಿದ್ದು ಗರ್ಭಕೋಶ ತೆಗೆಸಲು!

ಆದದ್ದಿಷ್ಟು. ಕರುಳು ಅಂಟಿಕೊಂಡಿತ್ತಂತೆ, ಬಿಡಿಸುವಾಗ ಹರಿಯಿತಂತೆ. ಆಗುತ್ತದೆ, ಒಪ್ಪೋಣ. ಅಲ್ಲೇ ಹೊಲಿದಿದ್ದಾರೆ. ಥಿಯೇಟರ್ ಬಾಗಿಲಲ್ಲಿ ಸರ್ಜನ್ ಮಾಸ್ಕ್ ಇಳಿಸಿ, ಹೊಲಿಗೆ ಮಾಯಬೇಕು, ನಾವು ಹೇಳುವ ತನಕ ಬಾಯಿಗೆ ಹನಿ ನೀರೂ ಬೇಡ ಎಂದು ಚಿಕ್ಕಪ್ಪನಿಗೆ ಹೇಳಿ ಮುಂದಿನ ಕೇಸಿಗೆ ಹೋಗಿದ್ದಾರೆ. ಯಾರೋ ಔಷಧಿ ಚೀಟಿ ಕೊಟ್ಟು ಚಿಕ್ಕಪ್ಪನನ್ನು ಮೆಡಿಕಲ್ ಸ್ಟೋರಿಗೆ ಅಟ್ಟಿದ್ದಾರೆ. ಚಿಕ್ಕಮ್ಮನ ಸ್ಟ್ರೆಚರ್ ತಳ್ಳಿಕೊಂಡು ನಾನು ಕಾಯುತ್ತಿದ್ದ ವಾರ್ಡಿಗೆ ಬಂದ ವಾರ್ಡ್‌ಬಾಯ್‌ಗೆ ಬೆಡ್ ನಂಬರ್ ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ.

ವಾರ್ಡಿನ ಸಿಸ್ಟರ್ ಆಗತಾನೇ ಡ್ಯೂಟಿಗೆ ಬಂದವರು. ಡಾಕ್ಟರ್ ಏನು ಹೇಳಿದರು ಎಂದು ನನ್ನನ್ನೇ ಕೇಳಿದರು. (ನಾನು ಅವರನ್ನು ಕೇಳಬೇಕೆಂದಿದ್ದ ಪ್ರಶ್ನೆ!) ಗರ್ಭಕೋಶದ ಆಪರೇಷನ್ ಎಂದೆ. ಹಾಗಾದರೆ ಒಂದೊಂದೇ ಗುಟುಕು ಎಳನೀರು ಕೊಡಿ ಎಂದರು, ಎಲ್ಲರಿಗೂ ಹೇಳುವ ಹಾಗೆ. ಚಿಕ್ಕಮ್ಮ ಬೇರೆ ಒಣಗಿದ ಬಾಯಲ್ಲಿ ನೀರು ನೀರು ಎನ್ನುತ್ತಿದ್ದರು. ಓಡಿಹೋಗಿ ತಂದೆ.

ಮೆಡಿಕಲ್ ಸ್ಟೋರಿನ ಕ್ಯೂ ಇನ್ನು ಸ್ವಲ್ಪ ಉದ್ದ ಇದ್ದಿದ್ದರೆ?

ಡ್ಯೂಟಿ ಡಾಕ್ಟರ್ ಬಂದಾಗ ಜಗಳವನ್ನೇ ಆಡಿದೆ. ವಾರ್ಡಿಗೆ ಏಕೆ ಹೇಳಲಿಲ್ಲ? ಆತ ತಣ್ಣಗೆ, "ಪೇಷಂಟ್ ಕಡೆಯವ್ರಿಗೆ ಹೇಳಿದ್ದೀವಲ್ಲ ಮೇಡಂ" ಎಂದ. ಫೈಲಿನಲ್ಲೂ ಬರೆದಿದೆಯಂತೆ. (ಫೈಲ್ ಇನ್ನೂ ಥಿಯೇಟರಿನಲ್ಲೇ ಇತ್ತು.)

ಮೈಯೆಲ್ಲ ಉರಿದುಹೋಯಿತು. ಇದೇ ಪೇಷಂಟ್ ಕಡೆಯವರು ಒಳಗೆ ಇಣುಕಿದರೆ ಗದರುತ್ತೀರಿ. ಏನು ಕೇಳಿದರೂ ನಿಮಗೆ ಗೊತ್ತಾಗಲ್ಲ, ಸುಮ್ಮನಿರಿ ಎನ್ನುತ್ತೀರಿ. ಆದರೆ ನೀವು ನೀವೇ ಹೇಳಿಕೊಳ್ಳಬೇಕಾದ ಜೀವದ ಮಾತು ಹೊತ್ತು ತಿರುಗಲು ಮಾತ್ರ ಕಡೆಯವರು ಬೇಕೇ? ಎಲ್ಲರ ಜೇಬಿನಲ್ಲೂ ಮೊಬೈಲ್ ಇದೆ. ವಾರ್ಡಿಗೂ ಥಿಯೇಟರಿಗೂ ನಡುವೆ ಇರುವುದು ಒಂದು ಮಹಡಿ. ಸ್ಟ್ರೆಚರ್ ಜೊತೆ ಒಬ್ಬರು ಬಂದು, ಸಿಸ್ಟರ್ ಎದುರು ನಿಂತು ಎರಡು ಮಾತು ಹೇಳಿದ್ದರೆ ಯಾರ ಗಂಟು ಹೋಗುತ್ತಿತ್ತು?

ಚಿಕ್ಕಪ್ಪ ಹೊಗೆಸೊಪ್ಪು ಬೆಳೆದು, ಬ್ಯಾರನ್ ಎಂಬ ಬೇಯಿಸುವ ಮನೆಯಲ್ಲಿ ಹಗಲೂ ರಾತ್ರಿ ಉರಿ ಹಾಕಿ ಹದ ಮಾಡುವವರು. ಡಾಕ್ಟರಿಗೆ ಕೈಮುಗಿದುಕೊಂಡೇ ಕೇಳಿದರು: "ಬ್ಯಾರನ್ ಉರಿ ಬುಟ್ಟು ಊಟಕ್ಕೋಗುವಾಗ್ಲೂ, ಕಾವು ಇಷ್ಟದೆ ಅಂತ ಬಂದೋನ್ಗೆ ಯೋಳ್ಬುಟ್ಟೇ ಓಗ್ತೀವಿ ಸಾ. ಇವ್ಳು ಸೊಪ್ಪಿಗಿಂತ ಕೀಳಾದ್ಲಾ?"

ಆತ ತಲೆ ತಗ್ಗಿಸಿ ಸಾರಿ ಎಂದ. ಸಾರಿಗೇನು, ಪುಕ್ಕಟೆ ಸಿಗುತ್ತದೆ.

ಚಿಕ್ಕಮ್ಮನ ಬಾಯಿಗೆ ಇನ್ನೂ ನೀರು ಬಿಟ್ಟಿಲ್ಲ. ಚಿಕ್ಕಪ್ಪ ಮಂಚದ ಪಕ್ಕದ ಸ್ಟೂಲ್ ಬಿಟ್ಟು ಏಳುತ್ತಿಲ್ಲ. ಮನೆಗೆ ಹೋಗಿ ಸ್ನಾನ ಮಾಡಿ ಬನ್ನಿ, ನಾನಿದ್ದೇನಲ್ಲ ಎಂದರೂ ಕೇಳುವುದಿಲ್ಲ.

"ಡ್ಯೂಟಿ ಬದ್ಲಾಯ್ತದೆ ಕಣವ್ವ. ಯೋಳಕ್ಕೆ ನಾನಿರ್ಬೇಕು."

ಪ್ರತಿ ಹೊಸ ಸಿಸ್ಟರಿಗೂ ಎದ್ದು ನಿಂತು ಒಪ್ಪಿಸುತ್ತಾರೆ, ಕರುಳು ಹೊಲಿದಿದ್ದಾರೆ, ನೀರು ಕೊಡಬೇಡಿ ಎಂದು. ಇಡೀ ಆಸ್ಪತ್ರೆಯಲ್ಲಿ ಡ್ಯೂಟಿ ಬದಲಾಗದವರು ಅವರೊಬ್ಬರೇ.

ಅವರಿಗೊಂದು ಜೊಂಪು ಹತ್ತಿದರೆ?