ಭಾಗಾಕಾರಕ್ಕೆ ಸಿಗದ ಸಾವು

“ಅಕ್ಕಾರ, ಈ ಸಾಲಿನ್ಯಾಗ ಎರರ್ ಬರಾಕತ್ತದ. ಖಾಲಿ ಕಾಣಂಗ ಮಾಡಿಬಿಡ್ತೀನ್ರಿ,” ಎಂದಳು ಸೇಡಂ ರಸ್ತೆಯ ಕಂಪ್ಯೂಟರ್ ಸೆಂಟರಿನ ಹುಡುಗಿ.

ಕಮಲಾಪುರ ಭಾಗದಲ್ಲಿ ದಾದಿಯಾಗಿದ್ದ ನಾನು, ಹೆರಿಗೆಗಳ ವಾರ್ಷಿಕ ವರದಿ ಮಾಡಿಸಲು ಫ್ಲಾಪಿ ಹಿಡಿದು ಕಲಬುರಗಿಗೆ ಬಂದಿದ್ದೆ. ಊರುವಾರು ಲೆಕ್ಕ ಒಟ್ಟುಗೂಡಿಸುವ ಪಿವಟ್ ಟೇಬಲ್‌ನಲ್ಲಿ ಅವಳು ಹೊಸದೊಂದು ಲೆಕ್ಕದ ಕಾಲಂ ಸೇರಿಸಿದ್ದಳು. ತೀರಿಕೊಂಡ ತಾಯಂದಿರ ಸಂಖ್ಯೆಯನ್ನು ಜೀವಂತ ಹುಟ್ಟಿದ ಮಕ್ಕಳ ಸಂಖ್ಯೆಯಿಂದ ಭಾಗಿಸಿ ಅದು ಪ್ರತಿ ಊರಿನ ಪ್ರಮಾಣ ತೋರಿಸುತ್ತಿತ್ತು. ಒಂದು ಲಂಬಾಣಿ ತಾಂಡಾದ ಎದುರು ಮಾತ್ರ ಉತ್ತರವಿರಲಿಲ್ಲ.

“ಖಾಲಿ ಬಿಡಬ್ಯಾಡ ತಂಗಿ,” ಎಂದೆ. ನನ್ನ ದನಿ ಗಡುಸಾಗಿತ್ತು. “ಇಡೀ ವರ್ಷದಾಗ ಅಲ್ಲಿ ಆಗಿದ್ದು ಒಂದೇ ಹೆರಿಗಿ. ಕೂಸು ಸತ್ತೇ ಹುಟ್ಟಿತು. ತಾಯಿನೂ ಉಳೀಲಿಲ್ಲ.”

ಆ ಒಂದು ಸಾವನ್ನು ಭಾಗಿಸಲು ಅಲ್ಲಿ ಸೊನ್ನೆ ಬಿಟ್ಟು ಬೇರೇನೂ ಇರಲಿಲ್ಲ; ಸೊನ್ನೆಯಿಂದ ಭಾಗಿಸಿದರೆ ಉತ್ತರ ಬಾರದು.

ಅವಳು ಸಾವಿನ ಸಂಖ್ಯೆಯ ಕಾಲಂ ಅನ್ನೇ ಎಳೆದು ತಂದು ಪ್ರಮಾಣದ ಪಕ್ಕಕ್ಕಿಟ್ಟಳು. ತಾಂಡಾದ ಸಾಲಿನಲ್ಲಿ ಒಂದು ಎಂಬ ಅಂಕಿ ಕಾಣಿಸಿತು. “ಆ ತಾಯಿ ಹೆಸರು ಏನಿತ್ರಿ?” ಎಂದು ಮೆಲ್ಲಗೆ ಕೇಳಿದಳು.

ಹೇಳಿದೆ. ಆ ಟೇಬಲ್‌ನಲ್ಲಿ ಹೆಸರಿಗೆ ಜಾಗವಿರಲಿಲ್ಲ. ನಿವೃತ್ತಿಯವರೆಗೆ ಎಷ್ಟೋ ಕಚೇರಿಗಳಿಗೆ ಎಷ್ಟೋ ವರದಿ ಕೊಟ್ಟೆ. ತೀರಿಕೊಂಡವಳ ಹೆಸರು ಕೇಳಿದವಳು ಆ ಹುಡುಗಿಯೊಬ್ಬಳೇ.